ರಾಷ್ಟ್ರಪತಿಗಳ ದಿನಚರಿ ಮತ್ತು ನಮ್ಮ ಮೌಶಿ

ನಮ್ಮ ದೇಶದ ರಾಷ್ಟ್ರಪತಿಯೊಬ್ಬರು ಹೈದರಾಬಾದಿಗೆ ಬಂದಾಗ ಯಾವ ದಿನ ಎಷ್ಟು ಗಂಟೆಗೆ ಎದ್ದರು, ಚಹಾ ಕುಡಿದರೋ ಮಜ್ಜಿಗೆ ಕುಡಿದರೋ, ಮಧ್ಯಾಹ್ನ ಎಷ್ಟು ಹೊತ್ತು ಮಲಗಿದರು ಎಂಬುದು ಅವರ ಸ್ವಂತ ಮನೆಯವರಿಗೂ ಗೊತ್ತಿರಲಿಕ್ಕಿಲ್ಲ. ನಮ್ಮ ಮೌಶಿಗೆ ಗೊತ್ತು! ಬೇಕಾದರೆ ಕಡತದ ಸಂಖ್ಯೆ, ಪುಟದ ಸಂಖ್ಯೆ ಸಮೇತ ಹೇಳುತ್ತಾಳೆ. ಬೇಡವೆಂದರೂ ಹೇಳುತ್ತಾಳೆ.

ಮೌಶಿ ಎಂದರೆ ನನ್ನ ಅವ್ವನ ತಂಗಿ. ವಯಸ್ಸಿನಲ್ಲಿ ಅವ್ವನಿಗಿಂತ ಮೂರು ವರ್ಷ ಚಿಕ್ಕವಳು, ಗಂಟಲಿನಲ್ಲಿ ಮಾತ್ರ ಬಹಳ ದೊಡ್ಡವಳು. ಮದುವೆಯಾಗಲಿಲ್ಲ. ನಾಂಪಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ಸೇರಿ, ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದಳು. ಅವಳ ಮೇಜಿನ ಮುಂದೆ ನಿಂತು ಬಾಯಿಮಾತಿನಲ್ಲಿ ಏನನ್ನಾದರೂ ಮಂಜೂರು ಮಾಡಿಸಿಕೊಂಡವರು ಇಡೀ ಆಂಧ್ರಪ್ರದೇಶದಲ್ಲಿ ಇಲ್ಲ. ಒಮ್ಮೆ ಒಬ್ಬ, ಅಜ್ಜಿ ತೀರಿಹೋದಳೆಂದು ಕಣ್ಣೀರು ಹಾಕುತ್ತ ರಜೆ ಕೇಳಲು ಬಂದನಂತೆ. ಮೌಶಿ ಸಾವಕಾಶವಾಗಿ ಕಪಾಟು ತೆಗೆದು, "ನಿಮ್ಮ ಅಜ್ಜಿ ಹಿಂದಿನ ಸಲ ತೀರಿಕೊಂಡಾಗ ಕೊಟ್ಟ ಅರ್ಜಿ ಇಲ್ಲೇ ಐತಿ. ಆಕಿನ ಏನು, ಬ್ಯಾರೆಯಾಕಿ ಏನು?" ಎಂದಳಂತೆ!

ನಿವೃತ್ತಿಯಾದ ಮೇಲೆ ಅವಳು ನಾರಾಯಣಗೂಡದ ನಮ್ಮ ಮನೆಗೆ ಬಂದಳು. ಅಲ್ಲಿ ನಾನು, ನನ್ನ ಗಂಡ ಮತ್ತು ನಮ್ಮ ಜೊತೆಗೇ ಇದ್ದ ಅವ್ವ. ಸದ್ದಿಲ್ಲದ ಮನೆ. ಮೌಶಿ ಬಂದ ಮೇಲೆ ಹಾಲಿನವನು ಕೂಡ ಕ್ಯಾನಿನ ಮುಚ್ಚಳ ತೆಗೆದು ತೋರಿಸಿಯೇ ಹಾಲು ಹಾಕತೊಡಗಿದ.

ಮೌಶಿಯ ಹತ್ತಿರ ಒಂದೇ ಒಂದು ಕಥೆ ಇತ್ತು. ನಮ್ಮ ಬಳಗದ ಯಾವ ಮದುವೆ, ಮುಂಜಿ, ಸೀಮಂತವೂ ಅದಿಲ್ಲದೆ ಮುಗಿಯುತ್ತಿರಲಿಲ್ಲ. ಅವಳು ಎರಡನೇ ಇಯತ್ತೆಯಲ್ಲಿದ್ದಾಗ ರಾಷ್ಟ್ರಪತಿಗಳು ಬೊಲ್ಲಾರಂನ ಬಂಗಲೆಯಲ್ಲಿ ಕೆಲವು ದಿನ ಇರಲು ಬಂದಿದ್ದರು. ಒಂದು ಮುಂಜಾನೆ ಅವಳ ಶಾಲೆಗೂ ಬಂದರು. ಎಲ್ಲ ಹುಡುಗಿಯರನ್ನೂ ಬಿಟ್ಟು ಇವಳೇ ಅವರಿಗೆ ಹೂವು ಕೊಟ್ಟಳು. ಅವರು ಬಾಗಿ, ಗಲ್ಲ ಹಿಂಡಿ, "ದೊಡ್ಡಾಕಿ ಆದಮ್ಯಾಲೆ ಏನಾಗ್ತೀ?" ಎಂದು ಹಿಂದಿಯಲ್ಲಿ ಕೇಳಿದರು. ಇವಳು ಹೆದರದೆ, "ನಿಮ್ಮ ಕೆಲಸ ಯಾವಾಗ ಖಾಲಿ ಆಗ್ತೈತಿ?" ಎಂದಳು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು!

ನಾವು ನೂರು ಸಲ ಕೇಳಿದ್ದರೂ ನೂರಾ ಒಂದನೇ ಸಲ ನಗುತ್ತಿದ್ದೆವು. ಮೌಶಿ ಹೇಳುವ ಧಾಟಿಯೇ ಹಾಗಿತ್ತು. ಬಾಗುವುದನ್ನು ಬಾಗಿ ತೋರಿಸುವಳು, ಹಿಂಡುವುದಕ್ಕೆ ಹತ್ತಿರ ಕೂತವರ ಗಲ್ಲ ಬಳಸುವಳು.

ಒಂದು ಸೀಮಂತದಲ್ಲಿ ಬಳಗಕ್ಕೆ ಹೊಸದಾಗಿ ಬಂದ ಅಳಿಯನೊಬ್ಬ ಈ ಕಥೆಗೆ ಸಿಕ್ಕಿದ. ನಾಚಾರಂನ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲನ್ನು ತಪಾಸಣೆ ಮಾಡುವುದು ಅವನ ಕೆಲಸ. ಪೂರ್ತಿ ಕೇಳಿ, ನಕ್ಕು, ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದ: "ಮೌಶಿ, ಫೋಟೋ ಐತೇನ್ರಿ?"

"ಆವಾಗ ಯಾರು ಫೋಟೋ ತಗೀತಿದ್ರಪಾ?"

"ಹಂಗಾದ್ರ ಪೇಪರ್‌ನ್ಯಾಗ ಬಂದಿತ್ತೇನ್ರಿ? ಸಾಲಿಯವರು ಸರ್ಟಿಫಿಕೇಟು ಏನರೆ...?"

ಎಲ್ಲರೂ ಗೊಳ್ಳೆಂದು ನಕ್ಕರು. ಯಾರೋ ಅವ್ವನ ಕಡೆ ತಿರುಗಿ, "ನೀವೂ ಅದೇ ಸಾಲಿಯಾಗ ಇದ್ರೆಲ್ರಿ, ಹೇಳ್ರಿ" ಎಂದರು. ಅವ್ವ, "ಹೌದು, ಆಕಿನ ಕೊಟ್ಟಾಳ" ಎಂದು ಹೇಳಿ, ಪಾಯಸ ತರಲು ಒಳಗೆ ಹೋದಳು.

"ಸ್ವಂತ ಅಕ್ಕನ ಸಾಕ್ಷಿ ನಡಿಯೂದಿಲ್ಲ," ಎಂದಳು ಮೌಶಿ. ಅವಳ ಮುಖ ಕಪ್ಪಿಟ್ಟಿತ್ತು. ಇಡೀ ನೌಕರಿಯುದ್ದಕ್ಕೂ ಲೋಕವನ್ನೆಲ್ಲ ಕಾಗದ ಕೇಳಿದವಳನ್ನು ಯಾರೋ ಮೊದಲ ಸಲ ಕಾಗದ ಕೇಳಿದ್ದರು. ಅದು ನ್ಯಾಯವೆಂದು ಅವಳಿಗೇ ಅನ್ನಿಸಿಬಿಟ್ಟಿತ್ತು! ಅವಮಾನಕ್ಕಿಂತ ದೊಡ್ಡ ತೊಂದರೆ ಅದು.

ಶಾಲೆಯನ್ನೇ ಕೇಳೋಣವೆಂದರೆ ಶಾಲೆ ಮುಚ್ಚಿ, ಆ ಜಾಗದಲ್ಲಿ ಮೂರು ಅಂತಸ್ತಿನ ಕೋಚಿಂಗ್ ಸೆಂಟರ್ ಎದ್ದಿತ್ತು. ಉಳಿದದ್ದು ಸರ್ಕಾರದ ಹಳೆಯ ಕಡತಗಳು. ಮರುವಾರವೇ ಮೌಶಿ ಆ ಕಡತಗಳನ್ನು ಕಾಪಿಡುವ ಕಚೇರಿಗೆ ಹೋದಳು. ಸದಸ್ಯತ್ವದ ಅರ್ಜಿಯಲ್ಲಿ 'ಸಂಶೋಧನೆಯ ವಿಷಯ' ಎಂದಿದ್ದ ಕಡೆ, 'ರಾಷ್ಟ್ರಪತಿಗಳ ಹೈದರಾಬಾದ್ ವಾಸ್ತವ್ಯದ ದೈನಂದಿನ ಚಟುವಟಿಕೆಗಳು' ಎಂದು ಬರೆದಳು. ಯಾವ ಯೂನಿವರ್ಸಿಟಿ ಎಂದು ಅಲ್ಲಿಯ ಗುಮಾಸ್ತರೊಬ್ಬರು ಕೇಳಿದರಂತೆ. "ನಾರಾಯಣಗೂಡ" ಎಂದಳಂತೆ. ಆಮೇಲೆ ಅರ್ಜಿಯ ನಮೂನೆಯಲ್ಲಿದ್ದ ಎರಡು ಕಾಗುಣಿತದ ತಪ್ಪುಗಳನ್ನು ಕೆಂಪು ಪೆನ್ನಿನಿಂದ ತಿದ್ದಿ ಅವರ ಕೈಗೆ ಕೊಟ್ಟಳು.

ಹುಡುಕಬೇಕಾದದ್ದು ಒಂದೇ ಮುಂಜಾನೆ. ಆದರೆ ಯಾವ ಮುಂಜಾನೆ? ತಾರೀಖು ನೆನಪಿಲ್ಲ. ಹಾಗಾಗಿ ಅವರು ಇಲ್ಲಿ ಕಳೆದ ಎಲ್ಲ ದಿನಗಳನ್ನೂ ಮೊದಲಿನಿಂದ ಕಟ್ಟುವುದೆಂದು ಮೌಶಿ ನಿಶ್ಚಯಿಸಿದಳು. ಪ್ರವಾಸದ ಕಾರ್ಯಕ್ರಮ ಪಟ್ಟಿ, ಮೋಟಾರುಗಳ ಓಡಾಟದ ಪುಸ್ತಕ, ಗೇಟಿನ ಪಹರೆಯವರ ರಿಜಿಸ್ಟರು, ಅಡುಗೆಮನೆಗೆ ಬೇಕಾದ ಸಾಮಾನಿನ ಚೀಟಿ, ಡಾಕ್ಟರು ಬಂದುಹೋದ ಟಿಪ್ಪಣಿ — ಎಲ್ಲದರಿಂದ ಒಂದೊಂದು ಸಾಲು ಹೆಕ್ಕಿ, ದಪ್ಪ ರಟ್ಟಿನ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಪುಟದಂತೆ ಬರೆದಳು.

ನಮ್ಮ ಮನೆಯ ಊಟದ ಹೊತ್ತಿನ ಮಾತು ಬದಲಾಯಿತು.

"ಇವತ್ತು ಅವರಿಗೆ ನೆಗಡಿ," ಎನ್ನುತ್ತಿದ್ದಳು ಮೌಶಿ, ತಟ್ಟೆಯ ಮುಂದೆ ಕೂರುತ್ತ.

"ಯಾರಿಗೆ?" ಎಂದು ನನ್ನ ಗಂಡ ಗಾಬರಿಯಾಗುತ್ತಿದ್ದರು.

"ರಾಷ್ಟ್ರಪತಿಗೆ. ನಿನ್ನೆ ಸಂಜಿ ಮುಂದ ತೋಟದಾಗ ಮುಕ್ಕಾಲು ತಾಸು ಕೂಡಿಸ್ಯಾರ. ಮ್ಯಾಲೊಂದು ಶಾಲೂ ಹೊದಿಸಿಲ್ಲ! ಯಾರಿಗೆ ಅಕಲ್ ಬ್ಯಾಡೇನು?"

ಆ ನಿನ್ನೆ ಎಂದರೆ ಸುಮಾರು ಐವತ್ತು ವರ್ಷಗಳ ಹಿಂದಿನ ನಿನ್ನೆ! "ಈಗೇನು ಮಾಡಾಕ್ ಬರತೈತಿ, ಊಟ ಮಾಡು" ಎಂದು ಅವ್ವ ಸಾರು ಬಡಿಸುತ್ತಿದ್ದಳು.

ನನ್ನ ಗಂಡನ ಪಾಡು ಇನ್ನೂ ಕಷ್ಟವಾಯಿತು. ಅವರು ರವಿವಾರ ಎಂಟಕ್ಕೆ ಎದ್ದರೆ ಮೌಶಿ ಗಡಿಯಾರ ನೋಡಿ, "ದೇಶ ನಡಸೋರು ಐದೂವರಿಗೆ ಎದ್ದಿರತಿದ್ರು" ಎನ್ನುವಳು. ಒಂದು ದಿನ ಅವರು ತಡೆಯಲಾರದೆ, "ಮೌಶಿ, ಅವರಿಗೆ ನೌಕರರು ಎಷ್ಟು ಮಂದಿ ಇದ್ರು ಅದನ್ನೂ ನೋಡ್ರಿ" ಎಂದರು. ಮರುದಿನ ಸಂಜೆ ಮೌಶಿ ನೌಕರರ ಪೂರ್ತಿ ಪಟ್ಟಿ ಬರೆದುಕೊಂಡು ಬಂದಳು!

ಒಂದು ಸಲ ಅವಳು ಆರು ದಿನ ಸರಿಯಾಗಿ ಊಟ ಮಾಡಲಿಲ್ಲ. ಏನೆಂದರೆ, ಒಂದು ಮಧ್ಯಾಹ್ನ ಎರಡೂವರೆಯಿಂದ ನಾಲ್ಕರವರೆಗೆ ರಾಷ್ಟ್ರಪತಿಗಳು ಎಲ್ಲೂ ಇರಲಿಲ್ಲ. ಮೋಟಾರು ಹೊರಗೆ ಹೋಗಿಲ್ಲ, ಯಾರೂ ಭೇಟಿಗೆ ಬಂದಿಲ್ಲ, ಚಹಾ ಹೋಗಿಲ್ಲ. ಒಂದೂವರೆ ತಾಸು ದೇಶದ ರಾಷ್ಟ್ರಪತಿ ಗಾಯಬ್! ಏಳನೆಯ ದಿನ ಮೌಶಿ ಬಾಗಿಲಲ್ಲೇ ಚಪ್ಪಲಿ ಎಸೆದು ಒಳಗೆ ಬಂದು ಕೂಗಿದಳು: "ಮಲ್ಕೊಂಡಿದ್ರು! ಬಗೀಚಾದಾಗಿನ ನೀರಿನ ಪಂಪು ಬಂದ್ ಮಾಡ್ರಿ, ಸಾಹೇಬ್ರು ಮಲಗ್ಯಾರ ಅಂತ ಚೀಟಿ ಸಿಕ್ತು!" ಅವಳ ಸಂತೋಷ ನೋಡಿದರೆ ಆಕೆಯೇ ಜೋಗುಳ ಹಾಡಿ ಮಲಗಿಸಿದಂತಿತ್ತು.

ನಗು ಬರುತ್ತಿತ್ತು ನಿಜ. ಆದರೆ ಆ ನೋಟ್‌ಬುಕ್ಕುಗಳನ್ನು ತಿರುವಿದಾಗ ನನಗೆ ಬೇರೆಯದೇ ಒಂದು ವಿಚಾರ ಬರುತ್ತಿತ್ತು. ಒಬ್ಬ ದೊಡ್ಡ ಮನುಷ್ಯ ಮಲಗಿದನೆಂದು ಗೊತ್ತಾಗಲು ಪಂಪು ನಿಲ್ಲಿಸಿದ ಮಾಲಿಯೊಬ್ಬ ಬೇಕು, ಚೀಟಿ ಬರೆದ ಗುಮಾಸ್ತ ಬೇಕು. ಆ ಮಾಲಿ ಅಂದು ಏನು ಉಂಡ, ಎಲ್ಲಿ ಮಲಗಿದ ಎಂದು ಯಾವ ಕಾಗದದಲ್ಲೂ ಇಲ್ಲ. ಮೌಶಿಗೆ ಹೇಳಿದರೆ ಅವಳು, "ಅದಕ್ಕ ಹುಡುಕಾಕತ್ತೀನಿ. ನಮ್ಮಂಥವರು ಕಾಗದದಾಗ ಬರೋದು ಒಮ್ಮೆನ" ಎಂದಳು.

ಅವ್ವನಿಗೆ ಮಾತ್ರ ಇದು ಸರಿಬರಲಿಲ್ಲ. "ಯಾಕ ಬೇಕು ಈ ಉಸಾಬರಿ? ಕಣ್ಣು ಹಾಳಾಗತಾವ" ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಕಣ್ಣು ಹಾಳಾದದ್ದೂ ನಿಜ. ಎರಡನೇ ವರ್ಷದ ಹೊತ್ತಿಗೆ ಮೌಶಿಗೆ ಪೊರೆ ಬಂದು ಟೈಪಾದ ಅಕ್ಷರಗಳೆಲ್ಲ ಇರುವೆ ಸಾಲಿನಂತೆ ಕಾಣತೊಡಗಿದವು. ಆಪರೇಶನ್ನಿಗೆ ಒಪ್ಪಲಿಲ್ಲ. "ಇನ್ನೊಂದು ಕಟ್ಟು ಉಳದೈತಿ, ಅದು ಮುಗೀಲಿ" ಎಂದಳು. ಆ ಕಟ್ಟು ಓದಲು, ನಾನು ಪಾಠ ಮಾಡುವ ಕಾಲೇಜಿಗೆ ರಜೆ ಇದ್ದ ಒಂದು ದಿನ, ಜೊತೆಗೆ ಹೋದೆ.

ಆ ಗುಮಾಸ್ತರು ಈಗ ಮೌಶಿಯ ಪರಮ ಭಕ್ತರಾಗಿದ್ದರು. ಕಿಟಕಿಯ ಹತ್ತಿರದ ಕುರ್ಚಿಯನ್ನು ಅವಳಿಗೆಂದೇ ಒರೆಸಿ ಇಟ್ಟಿದ್ದರು. ಅವಳು ತಂದ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ಡ್ರಾಯರಿನಲ್ಲಿ ಬಚ್ಚಿಟ್ಟು, "ಚೂಡಂಡಿ, ನೋಡಿ ಮೇಡಂ, ಇದೇ ಲಾಸ್ಟ್" ಎಂದು ಕಟ್ಟನ್ನು ಮೇಜಿನ ಮೇಲಿಟ್ಟು ಅಲ್ಲೇ ನಿಂತರು. ಅವರಿಗೂ ಕುತೂಹಲ!

ನಾನು ಒಂದೊಂದೇ ಹಾಳೆ ತಿರುವುತ್ತ ಹೋದೆ. ಮಧ್ಯದಲ್ಲಿ ಎಲ್ಲೋ ಮೌಶಿಯ ಶಾಲೆಯ ಹೆಸರು ಕಂಡಿತು. ಹತ್ತು ನಲವತ್ತಕ್ಕೆ ಆಗಮನ. ಹತ್ತು ನಲವತ್ನಾಲ್ಕಕ್ಕೆ ನಿರ್ಗಮನ. ಹೂಗುಚ್ಛ ಅರ್ಪಣೆ: ಎರಡನೇ ತರಗತಿಯ ಕುಮಾರಿ... ಮೌಶಿಯ ಹೆಸರು, ಸ್ಪಷ್ಟವಾಗಿ, ಟೈಪಾಗಿತ್ತು.

"ಐತಿ ಮೌಶಿ! ನಿನ್ನ ಹೆಸರೈತಿ!" ಎಂದು ಕೂಗಿಬಿಟ್ಟೆ. ಗುಮಾಸ್ತರು ಚಪ್ಪಾಳೆ ತಟ್ಟಿದರು.

ಆಮೇಲೆ ಕಂಡಿತು. ಆ ಹೆಸರಿನ ಮೇಲೆ ಮಸಿಯಲ್ಲಿ ಒಂದು ಗೆರೆ ಎಳೆದಿತ್ತು. ಮೇಲೆ ಬೇರೆ ಹೆಸರು ಬರೆದಿತ್ತು. ಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದು ಸಾಲಿತ್ತು.

"ಮುಂದ ಓದು," ಎಂದಳು ಮೌಶಿ.

"ಅಷ್ಟ ಐತಿ. ಉಳಿದದ್ದು... ಸರಿ ಕಾಣವಲ್ದು."

ಆದರೆ ಸುಳ್ಳು ಹೇಳಿದ್ದು ಯಾರಿಗೆ? ಅಜ್ಜಿಯ ಎರಡನೇ ಸಾವನ್ನು ಹಿಡಿದವಳಿಗೆ! ಅವಳು ನನ್ನ ಮಣಿಕಟ್ಟಿನ ಮೇಲೆ ಕೈಯಿಟ್ಟಳು. "ಕಾಣದಿದ್ರ ಕಾಣೂದಿಲ್ಲ ಅಂತ ಬರಕೊಳ್ಳೂಣು. ಕಂಡ್ರ ಓದು."

ಓದಿದೆ. ಮೇಲೆ ಬರೆದಿದ್ದ ಹೆಸರು ಐದನೇ ತರಗತಿಯ ಹುಡುಗಿಯದು, ನನ್ನ ಅವ್ವನ ತವರಿನ ಹೆಸರು. ಮದುವೆಯಲ್ಲಿ ಬದಲಾದ ಮೇಲೆ ಆ ಹೆಸರಿನಿಂದ ಅವಳನ್ನು ಯಾರೂ ಕರೆದಿರಲಿಲ್ಲ. ಬದಿಯಲ್ಲಿದ್ದ ಸಾಲು: 'ಮೊದಲು ಗೊತ್ತುಮಾಡಿದ ಹುಡುಗಿ ಕಾಯಿಲೆಯಿಂದ ಗೈರುಹಾಜರು. ಬದಲಿಗೆ ಆಕೆಯ ಅಕ್ಕ.'

ಗುಮಾಸ್ತರು ಮೆಲ್ಲಗೆ ತಮ್ಮ ಮೇಜಿಗೆ ಹೋದರು. ಮೌಶಿ ಕಿಟಕಿಯ ಕಡೆ ನೋಡುತ್ತ ಕೂತಳು. ಆಮೇಲೆ, "ಬರಕೊ" ಎಂದಳು. ನಾನು ನೋಟ್‌ಬುಕ್ಕು ತೆಗೆದೆ. ಅವಳು ಒಂದಕ್ಷರ ಬಿಡದೆ ಹೇಳಿ ಬರೆಸಿದಳು. ಆಗಮನ, ನಿರ್ಗಮನ, ಹೊಡೆದುಹಾಕಿದ ಹೆಸರು, ಬರೆದ ಹೆಸರು, ಬದಿಯ ಸಾಲು. ಕೊನೆಗೆ ಕಡತದ ಸಂಖ್ಯೆ, ಪುಟ. ನನ್ನ ಅಕ್ಷರ ಮಾತ್ರ ಸೊಟ್ಟಪಟ್ಟ ಆಯಿತು.

ಮನೆಗೆ ಮರಳುವಾಗ ಮೌಶಿ ಆಟೋದವನಿಗೆ ದಾರಿ ತಪ್ಪಿದೆ ಎಂದು ಕೂಡ ಹೇಳಲಿಲ್ಲ. ಅವನು ನಿಜವಾಗಿಯೂ ದಾರಿ ತಪ್ಪಿದ್ದ.

ಅವ್ವ ಅಡುಗೆಮನೆಯ ಬಾಗಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಮೌಶಿ ಎದುರಿಗೆ ನೆಲದ ಮೇಲೆ ಕೂತಳು.

"ಅಕ್ಕಾ, ಹೂವು ಯಾರು ಕೊಟ್ರು?"

ಅವ್ವ ತಲೆಯೆತ್ತದೆ, "ನೀನ" ಎಂದಳು.

"ಕಾಗದದಾಗ ನಿನ್ನ ಹೆಸರೈತಿ."

ಅವ್ವನ ಕೈ ನಿಂತಿತು. "ಅದಕ್ಕ ಬ್ಯಾಡ ಅಂತಿದ್ದೆ," ಎಂದಳು ಮೆಲ್ಲಗೆ. "ಅವತ್ತು ನಿನಗ ಭಾಳ ಜ್ವರ. ಹೊಸಾ ಫ್ರಾಕು ಹಾಕ್ಕೊಂಡ ಮಲಗಿದ್ದಿ, ತಗಿಯಾಕ ಕೊಡಲಿಲ್ಲ. ನಾ ಮನಿಗೆ ಬಂದ ಕೂಡಲೆ, ಏನಾತು ಹೇಳು, ಏನಾತು ಹೇಳು ಅಂತ ಅಳಾಕ ಹತ್ತಿದಿ. ಹೇಳಿದೆ. ಜ್ವರ ಬಿಡೂತನಕ ದಿನಾ ಹೇಳಿದೆ. ಮುಂದ ಒಂದು ದಿನ ನೀನ ಓಣ್ಯಾಗಿನ ಹುಡುಗ್ಯಾರಿಗೆ ಹೇಳಾಕತ್ತಿದ್ದಿ, ನಾ ಕೊಟ್ಟೆ ಅಂತ. ನನಗಿಂತ ಚಂದ ಹೇಳಾಕತ್ತಿದ್ದಿ. ನಾನೂ ನಿಂತು ಕೇಳಿದೆ."

"ಐವತ್ತು ವರ್ಷ ಕೇಳಿದಿ," ಎಂದಳು ಮೌಶಿ.

"ನನಗೇನು ಬ್ಯಾಸರಾಗಲಿಲ್ಲವ್ವ."

ಮೌಶಿ ಸ್ವಲ್ಪ ಮುಂದೆ ಸರಿದಳು. ಅವಳ ದನಿಯಲ್ಲಿ ಸೂಪರಿಂಟೆಂಡೆಂಟ್ ಇರಲಿಲ್ಲ. "ಈಗ ಖರೆ ಹೇಳು. ಅವರು ಹೆಂಗಿದ್ರು? ಗಲ್ಲ ಹಿಂಡಿದ್ರಾ? ಏನು ಕೇಳಿದ್ರು?"

ಅವ್ವ ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯಂತೆ ಸೆರಗಿನ ತುದಿ ಹಿಡಿದುಕೊಂಡಳು.

"ನನಗ ಗೊತ್ತಿಲ್ಲ. ನಾ ಅವರ ಮುಖ ನೋಡಲೇ ಇಲ್ಲ. ಹೂವು ಕೊಟ್ಟೆ, ಅವರು ಹ್ವಾದ್ರು, ಅಷ್ಟ. ಅಲ್ಲಿ ನಿಂತಾಗೆಲ್ಲ ಒಂದ ವಿಚಾರ. ಮನಿಗೆ ಹೋಗಿ ಏನು ಹೇಳಿದ್ರ ನೀ ಅಳೂದು ಬಿಡತಿ ಅಂತ."

ಮೌಶಿ ಅವ್ವನ ಮುಂದಿದ್ದ ಮೊರವನ್ನು ತನ್ನ ಕಡೆ ಎಳೆದುಕೊಂಡು ಅಕ್ಕಿ ಆರಿಸತೊಡಗಿದಳು. ಕಣ್ಣು ಕಾಣುತ್ತಿರಲಿಲ್ಲ, ಕಲ್ಲು ಮೊರದಲ್ಲಿ ಬಿಟ್ಟು ಒಳ್ಳೆಯ ಅಕ್ಕಿಯನ್ನು ಹೊರಗೆ ಹಾಕುತ್ತಿದ್ದಳು. ಅವ್ವ ಅದನ್ನು ನೋಡುತ್ತಲೇ ಇದ್ದಳು, ಬೇಡ ಎನ್ನಲಿಲ್ಲ.