ಕೈ ಇರುವ ಕುರ್ಚಿ

ಬೆಳಿಗ್ಗೆ ಒಂಬತ್ತೂಕಾಲಿಗೆ ಉಗ್ರಾಣದವನು ಒಂದು ಕುರ್ಚಿಯನ್ನು ತಳ್ಳಿಕೊಂಡು ಬಂದು ಬೇಡಪ್ಪನ ಪಕ್ಕದ ಮೇಜಿಗೆ ಸೇರಿಸಿ ನಿಲ್ಲಿಸಿದ. ಬೇಡಪ್ಪನ ನೆಮ್ಮದಿ ಅಲ್ಲಿಗೆ ಮುಗಿಯಿತು.

ಅದು ಬರೀ ಕುರ್ಚಿಯಲ್ಲ, ಕೈ ಇರುವ ಕುರ್ಚಿ. ಊರಿನ ನೆಲದಡಿಯ ಕೊಳವೆಗಳ ನಕ್ಷೆ ತಯಾರಿಸುವ ಆ ಕಚೇರಿಯಲ್ಲಿ ನಕ್ಷೆ ಬರೆಯುವವರಿಗೆಲ್ಲ ಕೈ ಇಲ್ಲದ ಕುರ್ಚಿ, ಬರೆಸುವವರಿಗೆ ಮಾತ್ರ ಕೈ ಇರುವುದು. ಎಲ್ಲೂ ಬರೆದಿಡದ ನಿಯಮ, ಆದರೆ ಯಾರೂ ಮುರಿಯದ ನಿಯಮ. ಬೇಡಪ್ಪನ ವಿಭಾಗದ ಮುಖ್ಯಸ್ಥರು ಕೆಲಸ ಬಿಟ್ಟು ಎರಡು ತಿಂಗಳಾಗಿತ್ತು.

ಬೇಡಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಮುಖ್ಯಸ್ಥನಾಗುತ್ತೀಯಾ ಎಂದು ದೊಡ್ಡ ಸಾಹೇಬರು ಮೂರು ಸಲ ಕೇಳಿದ್ದರು. ಮೂರು ಸಲವೂ "ಬೇಡಪ್ಪಾ, ಬೇಡ!" ಎಂದು ಕೈಮುಗಿದು ಬಂದಿದ್ದ. ಹೆಸರು ಅಂಟಿಕೊಂಡಿತು. ಅವನಿಗೂ ಅದರಲ್ಲಿ ಹೆಮ್ಮೆಯೇ. ಚಹಾದ ಹೊತ್ತಿಗೆ ಉಪದೇಶ ಬೇರೆ: "ಮೇಲಿನವರ ಬೈಗುಳ ಕೆಳಕ್ಕೆ ಬಿಡೋದು, ಕೆಳಗಿನವರ ಗೊಣಗಾಟ ಮೇಲಕ್ಕೆ ಎತ್ತೋದು. ಮುಖ್ಯಸ್ಥ ಅಂದ್ರೆ ಅವನೂ ಒಂದು ಕೊಳವೆ ಕಣ್ರೋ! ನಾನು ಐದೂವರೆಗೆ ಎದ್ದೆ ಅಂದ್ರೆ ಆರಕ್ಕೆ ಮಗಳ ಜೊತೆ ಹಾವು-ಏಣಿ ಆಡ್ತಿರ್ತೀನಿ." ಮೂವತ್ತರ ಆಸುಪಾಸಿನವರೆಲ್ಲ ಹೌದೌದು ಎನ್ನುತ್ತಿದ್ದರು.

"ಯಾರಿಗೆ ಇದು?" ಬೇಡಪ್ಪ ಕೇಳಿದ.

"ನಿಮ್ಮ ಶಿಷ್ಯೆಗಂತೆ. ದೊಡ್ಡ ಸಾಹೇಬರೇ ಹೇಳಿದ್ದು," ಎಂದ ಉಗ್ರಾಣದವನು. "ಇನ್ಮೇಲೆ ರಜೆ ಚೀಟಿ ಅವಳಿಗೇ ಕೊಡಬೇಕೇನೋ!"

ಶಿಷ್ಯೆ! ನೀರಿನ ಕೊಳವೆಗೆ ನೀಲಿ, ಚರಂಡಿಗೆ ಕಂದು ಎಂದು ಅವಳಿಗೆ ಹೇಳಿಕೊಟ್ಟವನೇ ಇವನು. ತಾನು ಉಗುಳಿದ್ದನ್ನು ಅವಳು ಬಾಚಿಕೊಂಡರೆ ತನಗೇನು? ಏನೂ ಇಲ್ಲ. ಆದರೂ ಹೊಟ್ಟೆ ಉರಿಯಿತು. ಸುಮ್ಮನೆ ಅಲ್ಲ, ಧಗಧಗ ಉರಿಯಿತು.

ಶಿಷ್ಯೆ ಬಂದಳು, ಕೂತಳು, ಎರಡೂ ಮೊಣಕೈ ಊರಿ "ಆಹಾ" ಎಂದಳು. ಆ ಒಂದು "ಆಹಾ" ಬೇಡಪ್ಪನ ಕಿವಿಯಲ್ಲಿ ಸೊಳ್ಳೆಯ ಹಾಗೆ ಸುತ್ತತೊಡಗಿತು. ಹನ್ನೊಂದರ ಹೊತ್ತಿಗೆ ಅವಳು ಇವನ ನಕ್ಷೆಯತ್ತ ಬಗ್ಗಿ ಮೆಲ್ಲಗೆ ಹೇಳಿದಳು: "ಅಣ್ಣಾ, ಕುಡಿಯೋ ನೀರನ್ನ ಚರಂಡಿಗೆ ಸೇರಿಸಿದ್ದೀರಿ."

ನಿಜವಾಗಿಯೂ ಸೇರಿಸಿದ್ದ. ನೀಲಿ ಗೆರೆ ಹೋಗಿ ಕಂದು ಗೆರೆಯೊಳಗೆ ಬಿದ್ದಿತ್ತು. ಆದರೆ ಅವನಿಗೆ ಕಂಡದ್ದು ತನ್ನ ತಪ್ಪಲ್ಲ, ಅವಳ ದರ್ಪ. ಈಗಲೇ ಮೇಲ್ವಿಚಾರಣೆ ಶುರುವಾಯಿತಲ್ಲ!

ಹೊರಗೆ ಹೋಗಿ ಹೆಂಡತಿಗೆ ಫೋನು ಮಾಡಿದ. ಸಮಾಧಾನ ಸಿಕ್ಕೀತೆಂದು.

"ಅವಳಿಗಾ?" ಎಂದಳು ಹೆಂಡತಿ. "ನಿಮಗಿಂತ ಆರು ವರ್ಷ ಚಿಕ್ಕವಳಿಗಾ?"

"ನಾನು ಬೇಡ ಅಂದಾಗ ನೀನೇ ಹೊಗಳಿದ್ದೆಯಲ್ಲೇ!"

"ಕುರ್ಚಿ ಖಾಲಿ ಇದ್ದಾಗ ಬೇಡ ಅಂದ್ರೆ ದೊಡ್ಡತನ ರೀ. ಅದರಲ್ಲಿ ಇನ್ನೊಬ್ಬರು ಕೂತಮೇಲೆ ಬೇಡ ಅಂದಿದ್ದೆ ಅಂದ್ರೆ ಯಾರು ನಂಬ್ತಾರೆ? ಕೈಲಾಗದವನು ಅಂತಾರೆ."

ಊಟದ ಬಿಡುವಿನಲ್ಲಿ ಕೋಣೆ ಖಾಲಿಯಾಯಿತು. ಅಂಥದ್ದೇನಿದೆ ಅದರಲ್ಲಿ ಎಂದು ಬೇಡಪ್ಪ ಆ ಕುರ್ಚಿಯಲ್ಲಿ ಕೂತು ನೋಡಿದ. ಮೊಣಕೈ ಊರಿದ. ಹಿತವಾಗಿಯೇ ಇತ್ತು, ಹಾಳಾದ್ದು. ಕೆಳಗಿನ ಹಿಡಿಯೊಂದನ್ನು ಎಳೆದನೋ ಇಲ್ಲವೋ, ಕುರ್ಚಿ ಹಿಂದಕ್ಕೆ ಮಲಗಿ ಅವನ ಕಾಲು ಚಾವಣಿ ನೋಡಿದವು. ಬಾಗಿಲಲ್ಲಿ ಉಗ್ರಾಣದವನು, ಅವನ ಹಿಂದೆ ಶಿಷ್ಯೆ.

"ಇಷ್ಟ ಇದ್ರೆ ಕೇಳಬಹುದಿತ್ತಲ್ಲ ಅಣ್ಣಾ," ಎಂದಳು ಅವಳು, ನಗದೆ. ನಕ್ಕಿದ್ದರೆ ಸಹಿಸಿಕೊಳ್ಳುತ್ತಿದ್ದನೇನೋ.

ಬೇಡಪ್ಪ ಎದ್ದವನೇ ನೆಟ್ಟಗೆ ದೊಡ್ಡ ಸಾಹೇಬರ ಕೋಣೆಗೆ ನುಗ್ಗಿದ.

"ಸಾರ್, ಅವಳಿಗೆ ಇನ್ನೂ ಅನುಭವ ಸಾಲದು. ಮೆತ್ತನೆಯವಳು, ಯಾರನ್ನೂ ಗದರಿಸಲ್ಲ. ಈ ವಿಭಾಗ ನಡೆಸೋಕೆ... ನಾನು ತಯಾರಿದ್ದೀನಿ ಸಾರ್. ನನಗೆ ಬೇಕು."

ಸಾಹೇಬರು ಖಾನೆಯಿಂದ ನೇಮಕದ ಕಾಗದ ತೆಗೆದರು. ಅವನ ಹೆಸರು ಆಗಲೇ ಅಚ್ಚಾಗಿತ್ತು. ಹೆಂಡತಿಯ "ಕೈಲಾಗದವನು" ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಬೇಡಪ್ಪ ಓದದೆ ಸಹಿ ಹಾಕಿದ.

"ಉಸ್ಸಪ್ಪಾ!" ಸಾಹೇಬರು ಹಿಂದಕ್ಕೆ ಒರಗಿದರು. "ಐದು ಜನ ಬೇಡ ಅಂದ್ರು ಕಣಯ್ಯಾ. ನಿನ್ನೆ ನಿನ್ನ ಶಿಷ್ಯೆಯನ್ನ ಕೇಳ್ದೆ, ಅವಳೂ ಬೇಡ ಅಂದ್ಲು. ಆದ್ರೆ ಒಂದು ಉಪಾಯ ಹೇಳಿಕೊಟ್ಲು ನೋಡು. 'ಅಣ್ಣನ ಪಕ್ಕ ಕೈ ಇರೋ ಕುರ್ಚಿ ಹಾಕಿ ನನ್ನನ್ನ ಕೂರಿಸಿ ಸಾರ್, ಸಂಜೆಯೊಳಗೆ ತಾವೇ ಬಂದು ಕೇಳ್ತಾರೆ' ಅಂದ್ಲು. ಸಂಜೆ ಏನು ಬಂತು, ನೀನು ಮಧ್ಯಾಹ್ನಕ್ಕೇ ಬಂದೆ!"

"ಹಾಗಾದ್ರೆ ಆ ಕುರ್ಚಿ... ಇನ್ನು ನನಗೆ ತಾನೇ ಸಾರ್?"

"ಅದು ಅವಳಿಗೇ. ಉಪಾಯಕ್ಕೆ ಅವಳು ಕೇಳಿದ್ದೇ ಅದನ್ನ, ಬೆನ್ನುನೋವಂತೆ. ಉಗ್ರಾಣದಲ್ಲಿ ಇದ್ದದ್ದೂ ಅದೊಂದೇ. ನೀನು ಸದ್ಯಕ್ಕೆ ಹಳೇದರಲ್ಲೇ ಕೂತಿರು."

ಎರಡು ತಿಂಗಳ ಕಡತಗಳು ಅವನ ಮೇಜಿಗೆ ಬಂದು, ಅವನ ನಕ್ಷೆ ಅಡಿಗೆ ಸೇರಿತು. ಐದೂವರೆಗೆ ಶಿಷ್ಯೆ ಎದ್ದು, ಕುರ್ಚಿಯ ಕೈಯನ್ನೊಮ್ಮೆ ಸವರಿ, ಚೀಲ ಹೆಗಲಿಗೇರಿಸಿದಳು.

"ನಾನು ಬರ್ಲಾ, ಸಾರ್?" ಮಧ್ಯಾಹ್ನದವರೆಗೆ ಅಣ್ಣ, ಈಗ ಸಾರ್.

ಆರಕ್ಕೆ ಫೋನಿನಲ್ಲಿ ಮಗಳ ದನಿ: "ಅಪ್ಪಾ, ನಿನ್ನೆ ಅರ್ಧಕ್ಕೆ ಬಿಟ್ಟ ಹಾವು-ಏಣಿ ಹಾಸಿಟ್ಟಿದ್ದೀನಿ. ನಿನ್ನ ಕಾಯಿ ಯಾವ ಮನೆಯಲ್ಲಿಡಲಿ?"

ಬೇಡಪ್ಪ ಕುರ್ಚಿಯಲ್ಲಿ ಮೊಣಕೈ ಊರಲು ಹೋದ. ಊರಲು ಅಲ್ಲಿ ಏನೂ ಇರಲಿಲ್ಲ.