ಬಿಷಪ್ಪನ ಸವಾರಿ

ಕಿಲ್‌ಡೆರಿ ಚರ್ಚಿನ ಗೋಪುರವನ್ನು ನಾನು ಒಮ್ಮೆ ಕುದುರೆಯ ಮೇಲೆ ಕೂತು ಹಾರಿದ್ದೇನೆ. ಹಾರುವಾಗ ಅದರ ಗಡಿಯಾರ ಐದು ನಿಮಿಷ ಹಿಂದಿರುವುದು ಕಣ್ಣಿಗೆ ಬಿತ್ತು. ಬೆರಳಿನಿಂದ ಮುಳ್ಳನ್ನು ಮುಂದಕ್ಕೆ ತಳ್ಳಿ, ಅಲ್ಲೇ ಕೂತಿದ್ದ ಕಾಗೆಗೆ ಟೋಪಿ ಎತ್ತಿ ಮರ್ಯಾದೆ ತೋರಿಸಿ, ಆ ಕಡೆಯ ಸಮಾಧಿಗಳ ಮೇಲಿನ ಒಂದು ಹೂವೂ ಅಲುಗದ ಹಾಗೆ ಇಳಿದೆ. ನಂಬದವರು ಹೋಗಿ ಗಡಿಯಾರ ನೋಡಬಹುದು. ಇವತ್ತಿಗೂ ಸರಿಯಾಗಿ ನಡೆಯುತ್ತಿದೆ.

ನನ್ನದು ಮೊಳೆ, ಬಣ್ಣ, ಬೇಲಿತಂತಿ ಮಾರುವ ಅಂಗಡಿ. ತಂತಿ ಅಳೆದು ಮುಗಿಯುವವರೆಗೆ ಗಿರಾಕಿ ಎಲ್ಲಿಗೂ ಓಡಿಹೋಗಲಾರ. ಹಾಗಾಗಿ ಊರಿನಲ್ಲಿ ಈ ಕತೆ ಕೇಳದವರಿಲ್ಲ. ಕೇಳಿದವರೆಲ್ಲ ನಕ್ಕು ತಂತಿ ಹೊತ್ತುಕೊಂಡು ಹೋದರು. ನಂಬಿದವನು ಒಬ್ಬನೇ, ಫಿಂಟನ್ ಗೆರಟಿ. ಅವನು ನಂಬಿದ್ದರಿಂದಲೇ ಈ ಫಜೀತಿಯೆಲ್ಲ ಶುರುವಾದದ್ದು.

ಫಿಂಟನ್ ಶವದ ಗಾಡಿ ಓಡಿಸುತ್ತಾನೆ. ಅವನ ಗಾಡಿಯ ಹಿಂದೆ ಸಿಕ್ಕಿಹಾಕಿಕೊಂಡ ಒಬ್ಬ ಹುಡುಗ ಊರು ದಾಟುವಷ್ಟರಲ್ಲಿ ಗಡ್ಡ ಬೆಳೆದು ಗಂಡಸಾಗಿದ್ದ, ನಾನೇ ಕಣ್ಣಾರೆ ಕಂಡಿದ್ದೇನೆ. ಎದುರಿಗೆ ಯಾರು ಬಂದರೂ ಟೋಪಿ ತೆಗೆದು, ಕೈ ಹಿಡಿದು, "ನಿಮಗೆ ತೊಂದ್ರೆ ಆಯ್ತು, ದೇವರು ಸಮಾಧಾನ ಕೊಡ್ಲಿ" ಎಂದು ಸಾವಿನ ಮನೆಯ ಮಾತು ಆಡುವುದು ಅವನಿಗೆ ಅಂಟಿಹೋಗಿದೆ. ಮದುವೆ ಮನೆಯಲ್ಲೂ ಹಾಗೆಯೇ ಅಂದು ಎರಡು ಸಲ ಬೈಸಿಕೊಂಡಿದ್ದಾನೆ.

ಅವನ ಸೋದರತ್ತೆ ಡಿಂಪ್ನಾ ಹ್ಯಾಕೆಟ್ ಹತ್ತಿರ ಬೂದು ಬಣ್ಣದ ಒಂದು ಭಾರೀ ಕುದುರೆಯಿದೆ. ಹೆಸರು ಬಿಷಪ್. ಅದರ ನಡಿಗೆ ನೋಡಿದವರು ಹೆಸರು ಯಾಕೆ ಅಂತ ಕೇಳುವುದಿಲ್ಲ. ಹುಲ್ಲಿಗೂ ಆಶೀರ್ವಾದ ಮಾಡುತ್ತ ಹೆಜ್ಜೆ ಇಡುತ್ತದೆ. ಆರು ವರ್ಷದಿಂದ ಅದರ ಲಾಯ ಗುಡಿಸಿ, ಮೈ ಉಜ್ಜಿ, ಗೊರಸು ಕೆರೆದು ನೋಡಿಕೊಂಡವನು ಫಿಂಟನ್. ಊರಿನಲ್ಲಿ ಸಾವಿಲ್ಲದ ದಿನ ಅವನು ಬಿಷಪ್ಪನ ಕತ್ತಿಗೆ ಒರಗಿ ನಿಂತಿರುತ್ತಾನೆ. ಇಬ್ಬರೂ ಮಾತಾಡುವುದಿಲ್ಲ. ಗಂಡಹೆಂಡಿರಲ್ಲೂ ಅಂಥ ಅನ್ಯೋನ್ಯ ನಾನು ನೋಡಿಲ್ಲ.

ಈ ವಸಂತದಲ್ಲಿ ಡಿಂಪ್ನಾ ಜಾರಿಬಿದ್ದು ಸೊಂಟ ನೋಯಿಸಿಕೊಂಡಳು. ಇನ್ನು ಕುದುರೆ ಸಾಕಲಾರೆ ಎಂದಳು. ವೆಕ್ಸ್‌ಫರ್ಡಿನ ಕಡಲ ದಂಡೆಯಲ್ಲಿ ಪ್ರವಾಸಿಗರನ್ನು ಕುದುರೆ ಮೇಲೆ ಕೂರಿಸಿ ತಿರುಗಿಸುವವನೊಬ್ಬ ಬಹಳ ದಿನದಿಂದ ಕೇಳುತ್ತಿದ್ದನಂತೆ. ಫಿಂಟನ್‌ನ ಮುಖ ಅವನದೇ ಗಾಡಿಯಲ್ಲಿ ಮಲಗಿದವರ ಮುಖದ ಹಾಗಾಯಿತು. ಅದನ್ನು ನೋಡಿ ಡಿಂಪ್ನಾ ಒಂದು ಷರತ್ತು ಹಾಕಿದಳು. "ಹ್ಯಾಕೆಟ್ ಮನೆ ಕುದುರೆ ಹಾರಲಾರದವನ ಕೈಗೆ ಹೋಗಿದ್ದಿಲ್ಲ ಕಣೋ. ಕುದುರೆ ಕ್ಲಬ್ಬಿನ ಸ್ಪರ್ಧೆಯಲ್ಲಿ ಒಂದೇ ಒಂದು ಸುತ್ತು ಮುಗಿಸಿ ಬಾ. ಗೆಲ್ಲೋದು ಬೇಡ, ಮುಗಿಸು ಸಾಕು. ಬಿಷಪ್ ನಿನ್ನದು."

ಫಿಂಟನ್ ನೆಟ್ಟಗೆ ನನ್ನ ಅಂಗಡಿಗೆ ಬಂದ. "ಮಲಕಿ, ಗೋಪುರ ಹಾರಿದವನು ನೀನು. ನಮಗೆ ಮರದ ದಿಮ್ಮಿ ಹಾರೋದು ಕಲಿಸು ಮಾರಾಯ" ಎಂದ. ಇಲ್ಲ ಎನ್ನಲು ಬಾಯಿ ತೆರೆದೆ. ಆ ಬಾಯಿಂದ ಹೊರಬಿದ್ದದ್ದು, "ದಿಮ್ಮಿ ತಾನೆ? ಹದಿನೈದು ದಿನ ಕೊಡು" ಎಂಬ ಮಾತು. ನನ್ನ ಬಾಯಿ ಮೊದಲಿಂದಲೂ ಹಾಗೆಯೇ, ನನ್ನನ್ನು ಕೇಳಿ ಕೆಲಸ ಮಾಡುವುದಿಲ್ಲ.

ನಾನು ಕಲಿಸಿದ ರೀತಿ ಗುಟ್ಟಿನ ವಿದ್ಯೆ, ಹೇಳುವಂತಿಲ್ಲ. ಫಿಂಟನ್ ಕೆಲಸಕ್ಕೆ ಹೋದ ಮಧ್ಯಾಹ್ನಗಳಲ್ಲಿ ನಾನು ಹೊಲದಲ್ಲಿ ದಿಮ್ಮಿ ಹಾಕಿ, ಅದರ ಆ ಬದಿಗೆ ನಿಂತು, ಕೈಯನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡು ಬಿಷಪ್ಪನನ್ನು ಸುಮ್ಮನೆ ದಿಟ್ಟಿಸುತ್ತಿದ್ದೆ ಎಂದಷ್ಟೇ ಹೇಳಬಲ್ಲೆ. ಆರು ವರ್ಷ ಕೋಳಿಗೂಡಿನ ಹೊಸ್ತಿಲನ್ನೂ ದಾಟದಿದ್ದ ಪ್ರಾಣಿ ವಾರದೊಳಗೆ ದಿಮ್ಮಿ, ಪೀಪಾಯಿ, ನನ್ನ ಸೈಕಲ್ಲು, ಕೊನೆಗೆ ಬಿಸಿಲಿಗೆ ಮಲಗಿದ್ದ ಪಕ್ಕದ ಮನೆಯವನನ್ನೂ ಹಾರಿತು. ಬೆನ್ನ ಮೇಲೆ ಫಿಂಟನ್ ಕೂತರೂ ಹಾರಿತು. ನಾನು ಆ ಬದಿಗೆ ನಿಂತಿದ್ದರೆ ಸಾಕು.

ಸ್ಪರ್ಧೆಯ ದಿನ ಬೆಳಗ್ಗೆ ಕ್ಲಬ್ಬಿನ ಕಾರ್ಯದರ್ಶಿ ಲೊರೆಟ್ಟಾ ಟೂಹಿ ಕುದುರೆ ಟ್ರೇಲರೊಂದರ ಇಳಿಜಾರು ಹಲಗೆಯ ಮೇಲೆ ನಿಂತು ನಿಯಮ ಸಾರಿದಳು. ಬೇಲಿಯ ಮುಂದೆ, ಅಂದರೆ ಹಾರಬೇಕಾದ ಯಾವುದೇ ಅಡ್ಡದ ಮುಂದೆ, ಬಂದು ಮೂರು ಸಲ ನಿಂತ ಕುದುರೆ ಹೊರಗೆ. ಗೊತ್ತುಮಾಡಿದ ಹೊತ್ತಿನ ಎರಡರಷ್ಟು ಮೀರಿದರೆ ಹೊರಗೆ. ಹೊರಗಿನವರು ಯಾರಾದರೂ ಸವಾರನಿಗೆ ಸಹಾಯ ಮಾಡಿದರೆ ಸವಾರನೂ ಹೊರಗೆ, ಸಹಾಯ ಮಾಡಿದವನೂ ಊರ ಹೊರಗೆ. ಕೊನೆಯ ಮಾತು ನಾನು ಸೇರಿಸಿದ್ದು, ಆದರೆ ಅವಳು ನನ್ನತ್ತ ನೋಡಿದ ನೋಟದಲ್ಲಿ ಅದೂ ಇತ್ತು.

ಸ್ಪರ್ಧೆಯಲ್ಲಿ ಮೂರು ಭಾಗ. ಮೊದಲನೆಯದು ಡ್ರೆಸಾಜ್. ಅಕ್ಷರದ ಫಲಕ ನೆಟ್ಟ ಅಂಗಳದಲ್ಲಿ ಹೇಳಿದ ಕಡೆ ತಿರುಗಿ, ಹೇಳಿದ ಕಡೆ ನಿಂತು ತೋರಿಸುವ ನಡಿಗೆ. ತೀರ್ಪುಗಾರ್ತಿ ಅಂಗಳದ ತುದಿಯಲ್ಲಿ ಕಾರಿನೊಳಗೆ ಬೆಚ್ಚಗೆ ಕೂತಿದ್ದಳು. ಫಿಂಟನ್‌ಗೂ ಬಿಷಪ್ಪನಿಗೂ ನಿಧಾನವೇ ಸ್ವಭಾವವಾದ್ದರಿಂದ ಇದು ಚೆನ್ನಾಗಿಯೇ ನಡೆಯಿತು. ಕೊನೆಯ ವಂದನೆಗೆ ಫಿಂಟನ್ ಎಷ್ಟು ಹೊತ್ತು, ಎಷ್ಟು ದುಃಖದಿಂದ ತಲೆ ಬಾಗಿಸಿದ ಎಂದರೆ ತೀರ್ಪುಗಾರ್ತಿ ಗಾಬರಿಯಾಗಿ ಮನೆಗೆ ಫೋನ್ ಮಾಡಿ ಎಲ್ಲರೂ ಕ್ಷೇಮವೇ ಎಂದು ವಿಚಾರಿಸಿದಳಂತೆ. ಎರಡನೆಯದು ಬಣ್ಣದ ಕೋಲುಗಳ ಮೇಲೆ ಹಾರುವುದು. ಅಲ್ಲಿ ಎರಡು ಕೋಲು ಬಿದ್ದವು, ಫಿಂಟನ್ ಬೀಳಲಿಲ್ಲ. ಉಳಿದದ್ದು ಕ್ರಾಸ್‌ಕಂಟ್ರಿ, ಹೊಲ, ಹಳ್ಳ, ದಿಬ್ಬ, ದಿಮ್ಮಿಗಳನ್ನು ದಾಟಿ ಸುತ್ತಿ ಬರುವ ದೊಡ್ಡ ಓಟ.

ನಾನು ಗುರಿಗೆರೆಗೆ ಹತ್ತು ಮಾರು ಈಚೆ, ಹಗ್ಗದ ಪಕ್ಕದಲ್ಲಿ, ಮಡಚುವ ಕುರ್ಚಿಯಲ್ಲಿ ಕೂತಿದ್ದ ಡಿಂಪ್ನಾಳ ಹತ್ತಿರ ನಿಂತೆ. ಅದು ದಿಬ್ಬದ ನೆತ್ತಿ. ಇಡೀ ಬಯಲು ಕಣ್ಣಿಗೆ ಬೀಳುತ್ತದೆ. ಬಿಷಪ್ ಹೊರಟಿತು. ಮೊದಲ ದಿಮ್ಮಿಯನ್ನು ಹಾರಿದ ಚೆಂದಕ್ಕೆ ಡಿಂಪ್ನಾ ಕುರ್ಚಿಯಿಂದ ಅರ್ಧ ಎದ್ದಳು.

ಆಮೇಲೆ ಬಿಷಪ್ ದಾರಿ ಬಿಟ್ಟು ಎಡಕ್ಕೆ ತಿರುಗಿತು.

ಪ್ರತಿ ಬೇಲಿಯ ಪಕ್ಕದಲ್ಲೂ ಒಂದು ಕಾರು, ಅದರಲ್ಲಿ ಬೇಲಿ ಕಾಯುವ ಊರಿನ ಒಬ್ಬರು, ಅವರ ಮಡಿಲಲ್ಲಿ ಕ್ಲಬ್ಬಿನವರು ಕೊಟ್ಟ ಊಟದ ಪೊಟ್ಟಣ. ಸಂಬಳವಿಲ್ಲದ ಈ ಕೆಲಸಕ್ಕೆ ಜನ ಬರುವುದೇ ಆ ಪೊಟ್ಟಣಕ್ಕೆ. ಮೊದಲ ಬೇಲಿಯಲ್ಲಿ ಫಾದರ್ ಕ್ರೋನಿನ್ ಇದ್ದರು. ಬಿಷಪ್ ಅವರ ಕಿಟಕಿಯೊಳಗೆ ಭುಜದವರೆಗೂ ತಲೆ ತೂರಿಸಿತು. ಬ್ರೆಡ್ಡನ್ನು ತಿಂದು, ನಡುವಿನ ಹಂದಿಮಾಂಸವನ್ನು ಅವರ ಮಡಿಲಿಗೇ ವಾಪಸು ಹಾಕಿತು, ಮಾಂಸ ಮುಟ್ಟಬಾರದ ಶುಕ್ರವಾರವಲ್ಲದಿದ್ದರೂ. ಮೇಲೆ ಕೂತಿದ್ದ ಫಿಂಟನ್, ಬಾಯಿಗೆ ಬೇರೆ ಮಾತು ಬಾರದೆ, "ನಿಮಗೆ ತೊಂದ್ರೆ ಆಯ್ತು ಫಾದರ್, ದೇವರು ಸಮಾಧಾನ ಕೊಡ್ಲಿ" ಎಂದ.

"ದೇವರು ಆಮೇಲೆ ನೋಡ್ಕೋತಾನೆ, ಮೊದಲು ಇದರ ತಲೆ ಆಚೆ ತೆಗಿ" ಎಂದರಂತೆ ಫಾದರ್.

ಹೀಗೇ ನಡೆಯಿತು. ಒಂದು ಬೇಲಿಯನ್ನೂ ಬಿಷಪ್ ಬಿಡಲಿಲ್ಲ. ಹಕ್ಕಿಯ ಹಾಗೆ ಹಾರಿತು. ಒಂದು ಕಾರನ್ನೂ ಬಿಡಲಿಲ್ಲ. ಹಾರುವುದು, ಕಾರಿಗೆ ಹೋಗಿ ತಲೆ ತೂರಿಸುವುದು, ಪ್ರಸಾದ ಸ್ವೀಕರಿಸುವುದು, ಮುಂದಿನ ಬೇಲಿಗೆ ಹೊರಡುವುದು. ಬೇಲಿ ದಾಟಿದ ಮೇಲೆ ಎಲ್ಲಿ ನಿಂತರೂ ಅದು ತಪ್ಪಲ್ಲ, ಹೊತ್ತು ಹೋಗುತ್ತದೆ ಅಷ್ಟೇ. ಆ ಹೊತ್ತೇ ಹೋಗುತ್ತಿತ್ತು. ಹಿಂದೆ ಹೊರಟ ಸವಾರರು ಒಬ್ಬೊಬ್ಬರಾಗಿ ಫಿಂಟನ್‌ನನ್ನು ದಾಟಿ ಹೋದರು. ಪ್ರತಿಯೊಬ್ಬರಿಗೂ ಅವನು ಅಭ್ಯಾಸಬಲದಿಂದ ಟೋಪಿ ಮುಟ್ಟಿ ದಾರಿ ಬಿಟ್ಟ. ಹಳ್ಳದ ಹತ್ತಿರ ಅವನಿಗೆ ಒಂದನೇ ಕ್ಲಾಸಿನಲ್ಲಿ ಪಾಠ ಹೇಳಿದ್ದ ಅಸಂಪ್ಟಾ ಟೀಚರ್ ಕಿಟಕಿ ಗಾಜು ಏರಿಸಿ ಕೂತಿದ್ದರು. ಬಿಷಪ್ ಗಾಜಿಗೆ ಮೂಗು ಒತ್ತಿ ಕಾದಿತು. ಗಾಜೆಲ್ಲ ಉಸಿರಿನಿಂದ ಮಬ್ಬಾಯಿತು. ಕೊನೆಗೆ ಟೀಚರೇ ಸೋತು, "ಹಂಚ್ಕೊಂಡು ತಿನ್ನೋ ಬುದ್ಧಿ ನಿಂಗೆ ಆಗಲೂ ಇರ್ಲಿಲ್ಲ ಫಿಂಟನ್" ಎಂದು ಬೈಯುತ್ತ ಕೇಕಿನ ಚೂರು ಹೊರಗೆ ಚಾಚಿದರು.

"ಮನೇಲಿ ಹೊಟ್ಟೆಗೆ ಹಾಕಲ್ವಾ ಇದಕ್ಕೆ?" ಎಂದು ಲೊರೆಟ್ಟಾ ಮೈಕಿನಲ್ಲೇ ಕೇಳಿದಳು. ಡಿಂಪ್ನಾ ಕೆಂಪಾದಳು. ಬೇಟೆಗೆ ಹೋಗುತ್ತಿದ್ದ ಕುದುರೆಗಳಿಗೆ ಹೀಗೆ ಕಾರು ಹುಡುಕುವ ಹುಟ್ಟುಗುಣ ಇರುತ್ತದೆ ಎಂದು ನಾನು ಅಕ್ಕಪಕ್ಕದವರಿಗೆ ವಿವರಿಸಿದೆ. ಬಿಷಪ್ ಎಂದೂ ಬೇಟೆಗೆ ಹೋಗಿಲ್ಲ ಎಂದಳು ಡಿಂಪ್ನಾ. ಅದರ ಅಜ್ಜ ಹೋಗಿರಬೇಕು ಎಂದೆ.

ಕೊನೆಯ ಬೇಲಿ. ಅಲ್ಲಿ ಕಾಯುತ್ತಿದ್ದಾತ ಪುಣ್ಯಾತ್ಮ, ಊಟವನ್ನು ಆಗಲೇ ಮುಗಿಸಿಬಿಟ್ಟಿದ್ದ. ಬಿಷಪ್ ಹಾರಿತು, ಖಾಲಿ ಪೊಟ್ಟಣ ಮೂಸಿ ಬೇಸರದಿಂದ ತಿರುಗಿತು, ಗುರಿಗೆರೆಯ ಕಡೆ ಓಡತೊಡಗಿತು. "ಇನ್ನೂ ಹೊತ್ತಿದೆ, ಬಂದುಬಿಡು ಫಿಂಟನ್" ಎಂದು ಲೊರೆಟ್ಟಾಳೇ ನಿಯಮ ಮರೆತು ಮೈಕಿನಲ್ಲಿ ಹುರಿದುಂಬಿಸಿದಳು. ಫಿಂಟನ್‌ನ ಮುಖ ನನಗೆ ಕಾಣುತ್ತಿತ್ತು. ಅವನು ನಗುತ್ತಿದ್ದ. ಅವನ ಹಲ್ಲನ್ನು ನಾನು ನೋಡಿದ್ದು ಅದೇ ಮೊದಲು.

ಆಗ ಬಿಷಪ್ ನನ್ನನ್ನು ನೋಡಿತು.

ಗೆರೆ ಹತ್ತು ಮಾರು ಮುಂದೆ. ಬಿಷಪ್ ಹಗ್ಗದ ಹತ್ತಿರ ಗಕ್ಕನೆ ನಿಂತು, ಕತ್ತು ಚಾಚಿ, ಮೂಗನ್ನು ನನ್ನ ಎದೆಗೆ ಇಟ್ಟಿತು. ಫಿಂಟನ್ ಕಾಲೊತ್ತಿದ, ಲಗಾಮು ಆಡಿಸಿದ, ಬೇಡಿಕೊಂಡ. ಅದು ಅಲ್ಲಾಡಲಿಲ್ಲ.

"ಮಲಕಿ, ಏನಾದ್ರೂ ಮಾಡೋ" ಎಂದ ಮೆಲ್ಲಗೆ.

"ಮುಟ್ಟಿದ್ರೆ ಔಟ್. ಕರೆದ್ರೆ ಔಟ್. ಕಣ್ಣು ಹೊಡೆದ್ರೂ ಔಟ್" ಎಂದಳು ಲೊರೆಟ್ಟಾ ಮೈಕಿನಲ್ಲಿ.

ನಾನು ಆ ಹತ್ತು ಮಾರು ಓಡಿ ಗೆರೆಯಾಚೆಗೆ ಹೋಗಿದ್ದರೆ ಬಿಷಪ್ ನನ್ನ ಹಿಂದೆಯೇ ಬರುತ್ತಿತ್ತು. ಆದರೆ ಹಾಗೆ ಓಡಿದರೆ ಅದು ಸಹಾಯ. ನಿಂತರೆ ಹೊತ್ತು ಮೀರುತ್ತದೆ. ಕಂಬದ ಹಾಗೆ ನಿಂತು ಆಕಾಶ ನೋಡಿದೆ. "ಯಾರ ಕುದುರೆಯೋ ಏನೋ, ನಂಗೂ ಇದಕ್ಕೂ ಪರಿಚಯವಿಲ್ಲ" ಎಂದೆ. ಪರಿಚಯವಿಲ್ಲದ ಕುದುರೆ ಹಲ್ಲಿನಿಂದ ನನ್ನ ಕೋಟಿನ ಮೇಲಿನ ಗುಂಡಿ ಬಿಚ್ಚಿತು. ಒಳಜೇಬಿನ ಗುಂಡಿಯನ್ನೂ ಬಿಚ್ಚಿತು. ಶುಂಠಿ ಬಿಸ್ಕತ್ತಿನ ಪೊಟ್ಟಣ ಎಳೆದು ಕೊಡವಿತು. ಬಿಸ್ಕತ್ತುಗಳು ಡಿಂಪ್ನಾಳ ಕಾಲ ಬಳಿ ಚೆಲ್ಲಾಡಿದವು. ಗಂಟೆ ಹೊಡೆಯಿತು. ಹೊತ್ತು ಮೀರಿತ್ತು.

ಬಿಷಪ್ ಕರುಮುರು ಅಗಿಯತೊಡಗಿತು.

"ಮಲಕಿ" ಎಂದಳು ಡಿಂಪ್ನಾ, "ಗುಂಡಿ ಬಿಚ್ಚೋದು ಇದಕ್ಕೆ ಯಾರಪ್ಪ ಕಲಿಸಿದ್ದು?"

ಗುಟ್ಟಿನ ವಿದ್ಯೆ ಅಲ್ಲೇ ಬಯಲಾಯಿತು. ಬೇಲಿಯ ಆ ಬದಿಗೆ ನಿಂತವರ ಹತ್ತಿರ ತಿಂಡಿ ಇರುತ್ತದೆ ಎಂಬುದೊಂದನ್ನೇ ನಾನು ಬಿಷಪ್ಪನಿಗೆ ಕಲಿಸಿದ್ದು, ಅದು ಕಲಿತದ್ದನ್ನು ಚಾಚೂ ತಪ್ಪದೆ ಮಾಡಿತ್ತು. ಫಿಂಟನ್ ಕೆಳಗಿಳಿದ. ಬೈಯುತ್ತಾನೆ ಎಂದುಕೊಂಡೆ. ಅವನು ಟೋಪಿ ತೆಗೆದು, ನನ್ನ ಕೈ ಹಿಡಿದು, "ನಿಂಗೆ ತೊಂದ್ರೆ ಆಯ್ತು ಮಲಕಿ" ಎಂದ. ಕುದುರೆ ಎದೆಗೆ ಒದ್ದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಡಿಂಪ್ನಾ ಒಂದು ಬಿಸ್ಕತ್ತನ್ನು ಕಾಲಿನಿಂದ ಬಿಷಪ್ಪನ ಕಡೆ ತಳ್ಳಿದಳು. "ಹೇಗೋ ಕಲಿಸ್ದೆ ಮಲಕಿ. ಒಂದು ಬೇಲಿನೂ ಬಿಡ್ಲಿಲ್ಲ, ನಾನೇ ನೋಡಿದ್ನಲ್ಲ. ಕಲಿಸಿದವನಿಗೇ ಕುದುರೆ ಸೇರಬೇಕು. ಹತ್ತಿ ಕೂತು ಮನೆವರೆಗೂ ಹೊಡ್ಕೊಂಡು ಹೋಗು, ಬಿಷಪ್ ನಿನ್ನದು. ಆಮೇಲೆ ನೀನು ಯಾರಿಗಾದ್ರೂ ಕೊಟ್ಕೋ, ನಾನು ಕೇಳಲ್ಲ" ಎಂದಳು. ಹೇಳುವಾಗ ಅವಳು ನೋಡುತ್ತಿದ್ದದ್ದು ಫಿಂಟನ್‌ನನ್ನು.

ಫಿಂಟನ್‌ನ ಹಲ್ಲು ಮತ್ತೆ ಕಂಡಿತು. ಮನೆ ಒಂದು ಮೈಲಿ. ಗೋಪುರ ಹಾರಿದವನಿಗೆ ಅದೊಂದು ದೂರವೇ? ಅವನು ಓಡಿಬಂದು ಬಗ್ಗಿ, ನನ್ನ ಕಾಲಿಡಲು ಎರಡು ಕೈ ಜೋಡಿಸಿ ಹಿಡಿದ. ಇಡೀ ಕಿಲ್‌ಡೆರಿ ಹಗ್ಗಕ್ಕೆ ಒತ್ತಿ ನಿಂತು ನೋಡುತ್ತಿತ್ತು. ನಾನು ಕಾಲಿಟ್ಟೆ.

"ಆ ಕಾಲಲ್ಲ ಮಲಕಿ" ಎಂದ ಫಿಂಟನ್ ಪಿಸುಮಾತಿನಲ್ಲಿ. "ಆ ಕಾಲಿಟ್ರೆ ಬಾಲದ ಕಡೆ ಮುಖ ಮಾಡಿ ಕೂರ್ತೀಯ."

ಕಾಲು ತೆಗೆದೆ. ಇನ್ನೊಂದನ್ನು ಇಡಲು ಆಗಲಿಲ್ಲ. ಬಿಷಪ್ ತಿರುಗಿ ನನ್ನನ್ನು ನೋಡಿತು, ಜೇಬನ್ನು ನೋಡಿತು. ನನ್ನ ಜನ್ಮದಲ್ಲಿ ನಾನು ಕುದುರೆ ಹತ್ತಿಲ್ಲ ಎಂದು ಹೇಳಿದೆ. ಈ ಸಲ ಬಾಯಿ ನನ್ನನ್ನು ಕೇಳಿಯೇ ಮಾತಾಡಿತು. ಚಿಕ್ಕಂದಿನಲ್ಲಿ ಕಡಲ ದಂಡೆಯಲ್ಲಿ ಒಂದು ಕತ್ತೆಯ ಮೇಲೆ ಕೂತಿದ್ದೆ, ಅದನ್ನೂ ಅಮ್ಮ ಹಿಡಿದುಕೊಂಡಿದ್ದಳು ಎಂದೂ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ, ಯಾಕೆಂದರೆ ಅದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವನು ಬಗ್ಗಿಕೊಂಡೇ ಇದ್ದ, ಜೋಡಿಸಿದ ಕೈ ಹಾಗೇ ಇತ್ತು.

"ಹಾಗಾದ್ರೆ ಕಲಿ" ಎಂದಳು ಡಿಂಪ್ನಾ. ಬಿಷಪ್ಪನನ್ನು ಬರುವ ವರ್ಷದವರೆಗೆ ಯಾರಿಗೂ ಕೊಡುವುದಿಲ್ಲವಂತೆ. ಬರುವ ವರ್ಷ ಇದೇ ಸ್ಪರ್ಧೆಯಲ್ಲಿ ನಾನು ಅದರ ಮೇಲೆ ಕೂತು ಸುತ್ತು ಮುಗಿಸಿದರೆ ಅದು ಫಿಂಟನ್‌ನದು, ಮುಗಿಸದಿದ್ದರೆ ವೆಕ್ಸ್‌ಫರ್ಡಿಗೆ. ಅಲ್ಲಿಯವರೆಗೆ ಫಿಂಟನ್ ಮೊದಲಿನಂತೆ ಲಾಯ ಗುಡಿಸುತ್ತಾನೆ, ಮೈ ಉಜ್ಜುತ್ತಾನೆ. ಸಾಲದ್ದಕ್ಕೆ ಸಂಜೆ ಹೊತ್ತು ನನ್ನನ್ನು ಎತ್ತಿ ಕೂರಿಸುತ್ತಾನೆ, ಬಿದ್ದಾಗ ಎಬ್ಬಿಸುತ್ತಾನೆ. ಎಬ್ಬಿಸುವಾಗೆಲ್ಲ ಸಮಾಧಾನ ಹೇಳುತ್ತಾನೆ.

ಹಾಗಾಗಿ ಗೋಪುರದ ಕತೆಯನ್ನು ನಾನು ಇಲ್ಲಿಗೆ ಹಿಂತೆಗೆದುಕೊಳ್ಳುತ್ತೇನೆ. ಗಡಿಯಾರ ಸರಿಮಾಡಿದ್ದು ಫಾದರ್ ಕ್ರೋನಿನ್, ಏಣಿ ಹಾಕಿಕೊಂಡು. ಏಣಿ ಮಾತ್ರ ನನ್ನ ಅಂಗಡಿಯದು. ಕುದುರೆಯ ಬೆನ್ನಿನಿಂದ ಹೊರಟು ನಾನು ಈವರೆಗೆ ಹಾರಿರುವ ಎತ್ತರವೆಂದರೆ ಬಿಷಪ್ಪನ ಎರಡು ಕಿವಿ, ಹೋದ ಮಂಗಳವಾರ. ಬಿಷಪ್ ಆಗ ನಿಂತೇ ಇತ್ತು.