ಲೆಸೋಥೋ ಬೀಗರಿಗೆ ಚಳಿಯಾಗದಿರಲೆಂದು

ಆಫ್ರಿಕಾದ ಬಗ್ಗೆ ನನಗೆ ಎಲ್ಲವೂ ಗೊತ್ತು ಎಂದು ನಾನು ನಂಬಿದ್ದ ಕಾಲವೊಂದಿತ್ತು. ಅಲ್ಲಿ ಬಿಸಿಲಿರುತ್ತದೆ. ಅಲ್ಲಿಗೆ ನನ್ನ ಜ್ಞಾನ ಮುಗಿಯುತ್ತಿತ್ತು. ಅಷ್ಟೇ ಬಂಡವಾಳ ಇಟ್ಟುಕೊಂಡು ನಾನು ನನ್ನ ನಾದಿನಿಯ ಮದುವೆಯನ್ನು ಹೆಚ್ಚೂಕಡಿಮೆ ಮುರಿದೇ ಹಾಕಿದ್ದೆ!

ನನ್ನ ಹೆಂಡತಿ ಗೀತಾಳ ತಂಗಿ ವೀಣಾ ಆಗ ಶಿಕಾಗೋ ಪಕ್ಕದ ಡೌನರ್ಸ್ ಗ್ರೋವ್‌ನಲ್ಲಿ ಕೆಲಸಕ್ಕಿದ್ದಳು. ಅದೇ ಆಫೀಸಿನ ಪ್ರಸನ್ನ ಎಂಬ ಹುಡುಗನನ್ನು ಮೆಚ್ಚಿದ್ದಳು. ಹುಡುಗನ ತಂದೆ ನಂಜುಂಡಯ್ಯ ಮೇಷ್ಟ್ರು ಮೈಸೂರು ಕಡೆಯವರೇ. ಆದರೆ ಹೆಂಡತಿ ಸುಶೀಲಮ್ಮನವರೊಂದಿಗೆ ಬಹಳ ವರ್ಷಗಳಿಂದ ಆಫ್ರಿಕಾದ ಲೆಸೋಥೋ ಎಂಬ ದೇಶದಲ್ಲಿ ಪಾಠ ಹೇಳಿಕೊಂಡಿದ್ದರು. ಜುಲೈ ರಜೆಗೆ ಮಗನ ಮನೆಗೆ ಬಂದ ದಂಪತಿಗಳು, ಹುಡುಗಿಯ ಅಕ್ಕ ಭಾವನನ್ನೂ ಕಂಡು ಮಾತಾಡಿ, ಒಂದು ರಾತ್ರಿ ಉಳಿದು ಹೋಗಲು, ಅಲ್ಲಿಂದ ಕಾರಿನಲ್ಲಿ ನಾಲ್ಕೈದು ಗಂಟೆ ದೂರದ ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಮನೆಗೆ ಹೊರಟಿದ್ದರು. ಸುಶೀಲಮ್ಮನವರ ಮನಸ್ಸಿನಲ್ಲಿ ಮೈಸೂರಿನ ಬೇರೊಬ್ಬ ಹುಡುಗಿ ಇದ್ದಾಳೆ ಎಂಬ ಸುದ್ದಿ ಅವರಿಗಿಂತ ಮೊದಲೇ ಬಂದು ತಲುಪಿತ್ತು.

ಊರಿನಿಂದ ಮಾವ ಫೋನ್ ಮಾಡಿದರು. ವೀಣಾ ಈ ಹುಡುಗನನ್ನು ಬಿಟ್ಟು ಬೇರೆಯವರನ್ನು ಒಪ್ಪುವ ಹಾಗಿಲ್ಲ, ನಮ್ಮ ಪರವಾಗಿ ನೀವೇ ಮುಂದೆ ನಿಂತು ನಡೆಸಿಕೊಡಬೇಕು ಎಂದರು. ನೀವು ನಿಶ್ಚಿಂತೆಯಿಂದಿರಿ ಎಂದೆ. ಅವರು ನಿಶ್ಚಿಂತೆಯಿಂದ ಇದ್ದರು. ಅದು ಅವರ ತಪ್ಪು.

ಲೆಸೋಥೋ ಎಲ್ಲಿದೆ ಎಂದು ಇಂಟರ್ನೆಟ್ಟಿನಲ್ಲಿ ನೋಡಬಹುದಿತ್ತು. ಆದರೆ ಆಗ ಇಂಟರ್ನೆಟ್ ಬೇಕೆಂದರೆ ಫೋನ್ ಲೈನ್ ಖಾಲಿ ಇರಬೇಕಿತ್ತು. ಫೋನಿನಲ್ಲಿ ಅಕ್ಕತಂಗಿಯರು ಯಾವ ಸೀರೆ ಉಡುವುದೆಂದು ಚರ್ಚಿಸುತ್ತಿದ್ದರು. ಹಾಗಾಗಿ ಹಳೆಯ ಭೂಪಟವೊಂದನ್ನು ತೆಗೆದೆ. ದಕ್ಷಿಣ ಆಫ್ರಿಕಾದ ಹೊಟ್ಟೆಯೊಳಗೆ ಅವರೆಕಾಳಿನಷ್ಟು ದೇಶ. ಯಾವ ದಿಕ್ಕಿಗೂ ಸಮುದ್ರವಿಲ್ಲ. ನಾನು ಇಂಜಿನಿಯರ್, ತರ್ಕ ನನಗೆ ಕುಲಕಸುಬು. ಸಮುದ್ರವಿಲ್ಲದ ಮೇಲೆ ತಂಗಾಳಿ ಇಲ್ಲ. ನಮ್ಮ ರಾಯಚೂರಿಗೂ ಸಮುದ್ರವಿಲ್ಲ, ಅಲ್ಲಿ ಬೆಂಕಿ. ಆದ್ದರಿಂದ ಲೆಸೋಥೋದಲ್ಲೂ ಬೆಂಕಿ!

"ಮೈಸೂರಿಗೆ ಯಾವ ಸಮುದ್ರ ಇದೆ ರೀ?" ಎಂದು ಗೀತಾ ಕೇಳಿದಳು.

ಇಂಥ ಪ್ರಶ್ನೆಗಳಿಗೆ ನಾನು ಉತ್ತರ ಕೊಡುವುದಿಲ್ಲ. ಅವರ ಊರು ಬೆಟ್ಟದ ಮೇಲಿದೆಯಂತೆ ಎಂದು ವೀಣಾ ಫೋನಿನಲ್ಲಿ ಹೇಳಿದ್ದನ್ನೂ ಗೀತಾ ತಿಳಿಸಿದಳು. ಬೆಟ್ಟದ ಮೇಲೆಂದರೆ ಸೂರ್ಯನಿಗೆ ಇನ್ನಷ್ಟು ಹತ್ತಿರವಾಯಿತು ಎಂದೆ. ಗೀತಾ ನನ್ನನ್ನು ಒಂದು ಕ್ಷಣ ನೋಡಿ ಬೇಳೆ ತೊಳೆಯಲು ಹೋದಳು.

ಬಿಸಿಲಿಗೆ ಒಗ್ಗಿದ ವಯಸ್ಸಾದ ಜೀವಗಳು ಅಮೆರಿಕದ ಏರ್ ಕಂಡೀಷನರಿಗೆ ಸಿಕ್ಕಿ ನೆಗಡಿ, ಕೆಮ್ಮು ಹಿಡಿಸಿಕೊಂಡರೆ ಸಂಬಂಧ ಉಳಿದೀತೇ? ಶನಿವಾರ ಬೆಳಿಗ್ಗೆಯೇ ಎ.ಸಿ. ಆಫ್ ಮಾಡಿದೆ. ಹೊರಗೆ ತೊಂಬತ್ತಾರು ಡಿಗ್ರಿ ಫ್ಯಾರನ್‌ಹೀಟ್. ಹಿಂದಿನ ಚಳಿಗಾಲಕ್ಕೆ ಕೊಂಡಿದ್ದ ದಪ್ಪ ರಜಾಯಿಗಳನ್ನು ಬೇಸ್‌ಮೆಂಟಿನಿಂದ ಹೊತ್ತು ತಂದು ಅತಿಥಿಗಳ ಮಂಚದ ಮೇಲೆ ಹಾಸಿದೆ. ಅಷ್ಟು ಹೊತ್ತಿಗೆ ನನ್ನ ಶರ್ಟು ಹಿಂಡುವಂತಾಗಿತ್ತು. ಅತಿಥಿ ಸತ್ಕಾರ ಎಂದರೆ ಸುಲಭವೇ?

ಮಧ್ಯಾಹ್ನ ಪ್ರಸನ್ನ, ವೀಣಾ ಜೊತೆಗೆ ಅವರು ಬಂದಿಳಿದರು. ಕಾರಿನಿಂದ ನಗುನಗುತ್ತಾ ಇಳಿದ ಸುಶೀಲಮ್ಮನವರು ನಮ್ಮ ಹಾಲಿಗೆ ಕಾಲಿಟ್ಟ ಕೂಡಲೇ ನಗುವುದನ್ನು ನಿಲ್ಲಿಸಿದರು. ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ ತಣ್ಣೀರು ಸಿಗಬಹುದೇ ಎಂದರು. ಹೊಸ ಜಾಗ, ಗಂಟಲು ಹಿಡಿದೀತೆಂದು ನಾನೇ ಓಡಿಹೋಗಿ ಬಿಸಿ ಬಿಸಿ ಜೀರಿಗೆ ನೀರು ತಂದುಕೊಟ್ಟೆ. ಅವರು ಲೋಟವನ್ನೂ ನನ್ನನ್ನೂ ನೋಡಿದರು. ಕುಡಿದರು. ದೊಡ್ಡ ಮನುಷ್ಯರು.

ಪ್ರಸನ್ನ ಏನೋ ಹೇಳಲು ಬಾಯಿ ತೆರೆದ. ಭಾವ ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಕೆಂದು ವೀಣಾ ದಾರಿಯುದ್ದಕ್ಕೂ ಅವನಿಗೆ ತಾಕೀತು ಮಾಡಿದ್ದಳಂತೆ. ಹೂಂ ಎಂದ.

ಇನ್ನು ಅತಿಥಿಗಳಿಗೆ ಲೋಕಜ್ಞಾನ ಹಂಚುವುದು ಬಾಕಿ ಇತ್ತು. ಹಿಮ ಎಂದರೇನು ಎಂದು ಮೇಷ್ಟ್ರಿಗೆ ಮೊದಲಿನಿಂದ ವಿವರಿಸಿದೆ. ಅದು ಬೆಳ್ಳಗಿರುತ್ತದೆ, ಕಾಲಿಟ್ಟರೆ ಜಾರುತ್ತದೆ ಎಂದೆಲ್ಲ ತಿಳಿಸಿ, ನಮ್ಮ ಮನೆ ಮುಂದಿನ ದಾರಿ ಹಿಮದಲ್ಲಿ ಹೂತುಹೋಗಿದ್ದ ಫೋಟೋಗಳ ಆಲ್ಬಮ್ ತೋರಿಸಿದೆ. ಸಾಲದೆಂದು ಗರಾಜಿಗೆ ಕರೆದೊಯ್ದು ಹಿಮ ಎತ್ತಿ ಎಸೆಯುವ ಯಂತ್ರವನ್ನೂ ಸ್ಟಾರ್ಟ್ ಮಾಡಿ ತೋರಿಸಿದೆ. ಗರಾಜು ಮನೆಗಿಂತ ಬಿಸಿಯಿತ್ತು. ಮೇಷ್ಟ್ರು ಹೌದೇ, ಹೌದೇ ಎನ್ನುತ್ತಾ ಕರ್ಚೀಫಿನಿಂದ ತಲೆ ಒರೆಸಿಕೊಳ್ಳುತ್ತಿದ್ದರು. ಆಹಾ, ಕೇಳುವವರೆಂದರೆ ಹೀಗಿರಬೇಕು ಎಂದುಕೊಂಡೆ.

ಊಟಕ್ಕೆ ಮೆಣಸಿನ ಸಾರು, ಬಿಸಿಬೇಳೆಬಾತು. ಕಫ ಕಟ್ಟದಿರಲೆಂದು ಸಾರಿಗೆ ಮೆಣಸು ನಾನೇ ಎರಡನೇ ಸಲ ಹಾಕಿದ್ದೆ. ಎಲ್ಲರ ಮುಖವೂ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಸುಶೀಲಮ್ಮ ಗಂಡನ ಕಡೆ ನೋಡಿ ಕಣ್ಣಿನಲ್ಲೇ ಏನೋ ಕೇಳಿದರು. ವೀಣಾಳ ಕಣ್ಣಲ್ಲಿ ನೀರು. ಮೆಣಸಿಗೆ ಇರಬೇಕೆಂದುಕೊಂಡೆ.

ಊಟವಾದ ಮೇಲೆ ಕಾರ್ಯಕ್ರಮದ ಮುಖ್ಯ ಘಟ್ಟ. ಕನ್ನಡ ಕೂಟದ ಕಾರ್ಯದರ್ಶಿಯಾಗಿದ್ದ ನನಗೆ ಕೈಗೆ ಸಿಕ್ಕವರಿಗೆ ಶಾಲು ಹೊದಿಸುವುದು ಅಭ್ಯಾಸವಾಗಿಬಿಟ್ಟಿತ್ತು. ಮೇಷ್ಟ್ರನ್ನು ಸೋಫಾದಲ್ಲಿ ಕೂರಿಸಿ, ಗೀತಾ ಬೇಡವೆಂದು ಕೈಸನ್ನೆ ಮಾಡುತ್ತಿದ್ದರೂ ಗಮನಿಸದೆ, ಉಣ್ಣೆಯ ಶಾಲು ಹೊದಿಸಿದೆ. ಅವರು ಕಣ್ಣು ಮುಚ್ಚಿ ಸಹಿಸಿಕೊಂಡರು. ಆಮೇಲೆ ಮೆಲ್ಲಗೆ ಎದ್ದು, ನಾವೂ ಒಂದು ಉಡುಗೊರೆ ತಂದಿದ್ದೇವೆ ಎಂದು ಚೀಲದಿಂದ ಭಾರೀ ಕಂಬಳಿಯೊಂದನ್ನು ತೆಗೆದರು. ಜೋಳದ ತೆನೆಯ ಚಿತ್ರವಿದ್ದ, ಒಂದು ಕೈಯಲ್ಲಿ ಎತ್ತಲಾಗದ ಕಂಬಳಿ! ಪಾಪ, ಅಮೆರಿಕ ಚಳಿ ದೇಶವೆಂದು ಯಾರೋ ಹೆದರಿಸಿ ಕೊಳ್ಳುವಂತೆ ಮಾಡಿರಬೇಕು. ತಮ್ಮ ಊರಿನವರು ಉಡುವ ರೀತಿಯಲ್ಲೇ ಅದನ್ನು ನನಗೆ ಸುತ್ತಿ, ಭುಜದ ಹತ್ತಿರ ದಪ್ಪ ಪಿನ್ನು ಹಾಕಿ ಭದ್ರಪಡಿಸಿದರು. ಅವರು ಶಾಲು ತೆಗೆಯದೆ ನಾನು ಕಂಬಳಿ ತೆಗೆಯುವುದು ಅಗೌರವ. ನಾನು ಕಂಬಳಿ ತೆಗೆಯದೆ ಅವರು ಶಾಲು ತೆಗೆಯುವುದು ಅಗೌರವ. ಇಬ್ಬರೂ ಸಂಸ್ಕಾರವಂತರು. ಇಬ್ಬರೂ ಬೇಯುತ್ತಾ ಕುಳಿತೆವು.

ಕಾರ್ಯದರ್ಶಿ ಎಂದ ಮೇಲೆ ನಾಲ್ಕು ಮಾತಾಡಬೇಕಲ್ಲ. ಎದ್ದು ನಿಂತೆ. "ಎರಡು ಕುಟುಂಬಗಳು ಸೇರುತ್ತಿರುವ ಈ ಶುಭ ಸಂದರ್ಭದಲ್ಲಿ..." ಎನ್ನುವಷ್ಟರಲ್ಲಿ ಎರಡು ಕುಟುಂಬಗಳೂ ಗಿರಗಿರನೆ ತಿರುಗಿದವು. ನಾನು ಕಂಬಳಿ ಸಮೇತ ಕಾರ್ಪೆಟ್ಟಿನ ಮೇಲೆ ಕುಸಿದೆ.

ಪಿನ್ನು ಬಿಚ್ಚಿದವರು, ಮುಖಕ್ಕೆ ನೀರು ಚಿಮುಕಿಸಿದವರು ಮೇಷ್ಟ್ರೇ. ನಾನು ಕಣ್ಣು ಬಿಟ್ಟ ಮೇಲೆ ಬಹಳ ಸಂಕೋಚದಿಂದ ಕೇಳಿದರು. "ಎ.ಸಿ. ರಿಪೇರಿಗೆ ಯಾರಿಗಾದ್ರೂ ಹೇಳಿದೀರಾ? ಕೆಟ್ಟಿದೆ ಅಂತ ಗೊತ್ತಾಯ್ತು. ಕೇಳಿದ್ರೆ ನಿಮಗೆ ಬೇಜಾರಾಗುತ್ತೇನೋ ಅಂತ ಸುಮ್ಮನಿದ್ವಿ."

"ಕೆಟ್ಟಿಲ್ಲ ಅಂಕಲ್. ಇವರೇ ಆಫ್ ಮಾಡಿದಾರೆ," ಎಂದಳು ಗೀತಾ.

"ಯಾಕಮ್ಮ?"

"ನೀವು ಆಫ್ರಿಕಾದಿಂದ ಬರ್ತಿದೀರಲ್ಲ, ಚಳಿಯಾಗುತ್ತೆ ಅಂತ."

ಮೇಷ್ಟ್ರು ಶಾಲನ್ನು ನಿಧಾನವಾಗಿ ಮಡಿಸಿಟ್ಟರು. ಸಿಟ್ಟಿಲ್ಲದೆ, ತರಗತಿಯಲ್ಲಿ ದಡ್ಡ ಹುಡುಗನಿಗೆ ಹೇಳುವ ಹಾಗೆ ಹೇಳಿದರು. ಲೆಸೋಥೋ ಪೂರ್ತಿ ಎತ್ತರದ ನಾಡು. ಇಡೀ ದೇಶದ ಅತ್ಯಂತ ತಗ್ಗಿನ ಜಾಗವೂ ನಮ್ಮ ಚಾಮುಂಡಿ ಬೆಟ್ಟದ ತುದಿಗಿಂತ ಮೇಲಿದೆ. ಮಳೆಗಾಲ ಅಲ್ಲಿ ಡಿಸೆಂಬರ್ ಸುಮಾರಿಗೆ. ಜುಲೈ ಎಂದರೆ ನಡು ಚಳಿಗಾಲ, ಬೆಟ್ಟಗಳ ಮೇಲೆಲ್ಲ ಹಿಮ. ಅವರು ಹೊರಟ ದಿನ ಮನೆ ಮುಂದಿನ ನಲ್ಲಿಯಲ್ಲಿ ನೀರು ಗಟ್ಟಿಯಾಗಿತ್ತು. ಕುರಿ ಕಾಯುವವರು ಕುದುರೆಯ ಮೇಲೆ ಇಂಥದೇ ಕಂಬಳಿ ಹೊದ್ದು ತಿರುಗುತ್ತಾರೆ.

"ನೀವು ಅಲ್ಲಿ ಯಾವ ಪಾಠ ಮಾಡ್ತೀರಿ ಸಾರ್?" ಎಂದು ನೆಲದ ಮೇಲಿನಿಂದಲೇ ಕೇಳಿದೆ.

"ಭೂಗೋಳ."

ಪ್ರಸನ್ನ ಮೊದಲ ಸಲ ಹೂಂ ಅನ್ನದೆ ಹೊರಗೆ ಎದ್ದುಹೋದ. ಅವನು ನಗುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.

ಗೀತಾ ಎ.ಸಿ. ಹಾಕಿದಳು. ಗಾಳಿ ಬರುವ ಕಿಂಡಿಯ ಮುಂದೆ ಎಲ್ಲರೂ ಒತ್ತೊತ್ತಾಗಿ ಕುಳಿತೆವು. ವೀಣಾ ನನ್ನ ಕಡೆ ನೋಡಲೂ ಇಲ್ಲ. ಅವಳ ಬದುಕನ್ನು ನಾನೇ ಕೈಯಾರೆ ಕೆಡಿಸಿದೆನಲ್ಲ! ಮಾವನಿಗೆ ಏನೆಂದು ಫೋನ್ ಮಾಡಲಿ?

ಕೊನೆಗೆ ಸುಶೀಲಮ್ಮನವರು ಬಾಯಿ ತೆರೆದರು.

"ಒಂದು ಮಾತು ಹೇಳ್ತೀನಿ. ಅಮೆರಿಕಾದಲ್ಲಿರೋರು ನಮ್ಮನ್ನೆಲ್ಲ ಲೆಕ್ಕಕ್ಕೇ ಇಡಲ್ಲವೇನೋ ಅಂತ ನನಗೆ ಭಯ ಇತ್ತು. ಇವರು ನೋಡಿದ್ರೆ ನಮಗೆ ಚಳಿಯಾಗುತ್ತೆ ಅಂತ ಬೆಳಿಗ್ಗೆಯಿಂದ ತಾವೂ ಬೆಂದಿದಾರೆ. ಇಂಥವರ ಮನೆ ಹುಡುಗಿ ನಮಗೆ ಒಪ್ಪಿಗೆ ಕಣಮ್ಮ."

ವೀಣಾ ಅಳುತ್ತಾ ಅವರ ಕಾಲಿಗೆ ಬಿದ್ದಳು. ಈ ಸಲ ಮೆಣಸಿಗಲ್ಲ ಎಂದು ನನಗೂ ಅರ್ಥವಾಯಿತು. ನನ್ನ ಎದೆ ಉಬ್ಬಿತು. ನೋಡಿದೆಯಾ ಎಂಬಂತೆ ಗೀತಾಳ ಕಡೆ ತಿರುಗಿದೆ. ಸುಶೀಲಮ್ಮನವರ ಮಾತು ಮುಗಿದಿರಲಿಲ್ಲ.

"ಆದ್ರೆ ಗೀತಾ, ಮದುವೆಲಿ ನಿಮ್ಮ ಯಜಮಾನರಿಗೆ ಮಾತ್ರ ಯಾವ ಜವಾಬ್ದಾರೀನೂ ಕೊಡಬೇಡಮ್ಮ."

ಹಾಗೆಯೇ ನಡೆಯಿತು. ಮರುವರ್ಷ ಮೈಸೂರಿನಲ್ಲಿ ಮದುವೆ ಚೆನ್ನಾಗಿ ಆಯಿತು. ಛತ್ರ, ಅಡುಗೆ, ಓಲಗ ಎಲ್ಲವನ್ನೂ ಬೇರೆಯವರು ನೋಡಿಕೊಂಡರು. ಬಹಳ ಬೇಡಿಕೊಂಡ ಮೇಲೆ ಬಾಗಿಲಲ್ಲಿ ನಿಂತು ಬಂದವರಿಗೆ ಪನ್ನೀರು ಚಿಮುಕಿಸುವ ಕೆಲಸ ನನಗೆ ಸಿಕ್ಕಿತು. ಸಾಮಾನ್ಯವಾಗಿ ಏಳೆಂಟು ವರ್ಷದ ಮಕ್ಕಳಿಗೆ ಕೊಡುವ ಕೆಲಸ ಅದು. ಅದರಲ್ಲಿ ಹೇಳಿಕೊಳ್ಳುವಂಥ ತಪ್ಪೇನೂ ಆಗಲಿಲ್ಲ ಎಂದು ಸ್ವತಃ ನನ್ನ ಹೆಂಡತಿಯೇ ಒಪ್ಪಿಕೊಂಡಿದ್ದಾಳೆ.